ಶವಯಾತ್ರೆಯ ಲಯದಲ್ಲಿ ಊರಿನ ಹಾಡು

ಎದುರಾಳಿ ಮಾರ್ಕಮ್ ಊರಿನ ತಂಡದ ಮ್ಯಾನೇಜರ್ ಆಂಬ್ರೋಸ್ ಟಲಿ, ಚೆಂಡೆಸೆಯುವ ಪಿಚರ್ ನಿಂತಿದ್ದ ಮಣ್ಣಿನ ದಿಬ್ಬದ ಕಡೆಗೆ ನಡೆಯತೊಡಗಿದಾಗ, ಬೆಲ್‌ಹೇವನ್ ಬೇಸ್‌ಬಾಲ್ ಮೈದಾನದ ಮಾಳಿಗೆಯಲ್ಲಿ ಕುಳಿತಿದ್ದ ವರ್ನಾ ಸೊಬ್ಚಾಕ್ ಆರ್ಗನ್ನಿನ ಮೇಲೆ ಕೈಯಿಟ್ಟಳು. ಪರವೂರಿನ ಮ್ಯಾನೇಜರ್ ತನ್ನ ಪಿಚರ್‌ಗೆ ಧೈರ್ಯ ಹೇಳಲು ಹೊರಟನೆಂದರೆ, ಅವನ ಊರಿನವರ ಮೆಚ್ಚಿನ ಹಾಡನ್ನು ಶವಯಾತ್ರೆಯ ಲಯಕ್ಕೆ ಇಳಿಸಿ ಬಾರಿಸುವುದು ಅವಳ ವಾಡಿಕೆ. ಜನ ಅರ್ಧ ಆಟಕ್ಕೆ ಬರುತ್ತಿದ್ದರು, ಅರ್ಧ ಇದಕ್ಕೆ.

ಪಕ್ಕದ ಮೇಜಿನಲ್ಲಿ ಮೈಕಿನ ಮುಂದಿದ್ದ ಘೋಷಕ ಕ್ಲಿಫ್, ಕಡಲೆಕಾಯಿ ಸಿಪ್ಪೆಯನ್ನು ಅಂಗಿಯಿಂದ ಕೊಡವುತ್ತ ಕೇಳಿದ: "ಮಾರ್ಕಮ್ ಹಾಡು ತಾನೇ?"

"ಅಲ್ಲ. ನಮ್ಮೂರಿಂದು."

"ಅಲ್ಲ ಕಣೇ, ತಲೆ ನೆಟ್ಟಗಿದೆಯಾ? ನಮ್ಮ ಮ್ಯಾನೇಜರ್ ಆಗಿದ್ದಾಗ ಎರಡು ಸಲ ಕಪ್ ತಂದುಕೊಟ್ಟೋನು ಟಲಿ. ಅವನ ಮನೇಲಿ ನೀನು ಉಣ್ಣದೇ ಇರೋ ಕ್ರಿಸ್‌ಮಸ್ ಇದೆಯಾ?"

"ಬಿಟ್ಟು ಹೋದ ಅಲ್ವಾ? ಅನುಭವಿಸಲಿ."

"ಅವನೆಲ್ಲಿ ಬಿಟ್ಟ? ತಂಡದ ಮಾಲೀಕ ಹೊರಗೆ ಹಾಕಿದ್ದು."

"ಸುಮ್ನಿರು ಕ್ಲಿಫ್. ವರ್ಷವಿಡೀ ಸೋತು ಸೋತು ಈ ಊರು ನಗೋದನ್ನೇ ಮರೆತಿದೆ. ಒಂದು ಸಲ ನಗಿಸ್ತೀನಿ, ನೋಡ್ತಿರು."

ಅದು ಕೊನೆಯ ಇನ್ನಿಂಗ್ಸ್. ಮಾರ್ಕಮ್ ತಂಡ ಒಂದೇ ಒಂದು ರನ್ನಿನಿಂದ ಮುಂದಿತ್ತು, ಬೆಲ್‌ಹೇವನ್ನಿನ ಓಟಗಾರನೊಬ್ಬ ಆಗಲೇ ಬೇಸ್ ಮೇಲಿದ್ದ. ದಿಬ್ಬದ ಮೇಲಿದ್ದವನು ಲಾನಿ ಬ್ರೆಕ್. ಮೊಣಕೈಗೆ ಆಪರೇಷನ್ ಮಾಡಿಸಿಕೊಂಡು ಬಹುಕಾಲ ಮನೆಯಲ್ಲಿದ್ದು ಮರಳಿದವನು. ಈ ಆಟ ಉಳಿಸಿಕೊಟ್ಟರೆ ತಂಡದಲ್ಲಿ ಉಳಿಯುತ್ತಾನೆ, ಇಲ್ಲವಾದರೆ ಮಾವನ ಟೈರಿನ ಅಂಗಡಿಗೆ ಹೋಗುತ್ತಾನೆ ಎಂಬುದು ಎರಡೂ ಊರಿಗೆ ಗೊತ್ತಿತ್ತು. ಟಲಿ ಅವನ ಹೆಗಲಿಗೆ ಕೈಹಾಕಿ ಏನೋ ಹೇಳಿದ, ಲಾನಿ ನಕ್ಕ. ಟಲಿ ದಿಬ್ಬವಿಳಿದು, ಮಣ್ಣು ದಾಟಿ, ಹುಲ್ಲಿನ ಮೇಲೆ ಹಿಂದಿರುಗುತ್ತಿದ್ದಂತೆ ವರ್ನಾ ಬಾರಿಸತೊಡಗಿದಳು.

ಬೆಲ್‌ಹೇವನ್ನಿನ ಹಾಡು ಆ ಲಯದಲ್ಲಿ ಎಂದೂ ಹೊರಟಿರಲಿಲ್ಲ. ಹೊಳೆಯನ್ನೂ ದೋಣಿಯ ದೀಪಗಳನ್ನೂ ಕರೆಯುವ ಅದರ ಸಾಲುಗಳು ಹೆಣ ಹೊತ್ತವರ ಹೆಜ್ಜೆಯಂತೆ ತೂಗುತ್ತ ಬಂದವು. ಮೈದಾನ ಘೊಳ್ಳೆಂದು ನಕ್ಕಿತು. ಮೊದಲು ನಕ್ಕವರು ಎಡಗಡೆಯ ಸಾಲಿನವರೆಂದು ಬಲಗಡೆಯವರೂ, ಬಲಗಡೆಯವರೆಂದು ಎಡಗಡೆಯವರೂ ಇಂದಿಗೂ ಹೇಳುತ್ತಾರೆ.

ಟಲಿ ನಿಂತ. ಗೆದ್ದ ದಿನ ಈ ಹಾಡು ಹೊರಟೊಡನೆ ಜನರೆಲ್ಲ ಎದ್ದು ಟೋಪಿ ತೆಗೆಯಬೇಕು, ಊರಿನ ತಂಡದ ಮ್ಯಾನೇಜರ್ ಟೋಪಿ ತೆಗೆದು, ದಿಬ್ಬಕ್ಕೆ ಹೋಗಿ, ಪಿಚರ್‌ನ ಮಗ್ಗುಲಲ್ಲಿ ಹೊಳೆಯ ಕಡೆಗೆ ಮುಖಮಾಡಿ ನಿಲ್ಲಬೇಕೆಂಬುದು ಬೆಲ್‌ಹೇವನ್ನಿನ ಸಂಪ್ರದಾಯ. ಎಷ್ಟೋ ಸಲ ಹಾಗೆ ನಿಂತಿದ್ದ ಮುದುಕನ ಕೈ ತಾನಾಗಿ ಟೋಪಿಗೆ ಹೋಯಿತು. ಕಾಲು ತಾನಾಗಿ ತಿರುಗಿತು. ಲಾನಿ, ಆಟಗಾರರು ಮ್ಯಾನೇಜರನ್ನು ಕರೆಯುವಂತೆ, "ಬೇಡ ಸ್ಕಿಪ್, ಬೇಡ" ಎಂದು ಕೂಗುತ್ತಿದ್ದಂತೆಯೇ ಅವನು ಮತ್ತೆ ಮಣ್ಣು ತುಳಿದು ದಿಬ್ಬವೇರಿ, ಬರಿದಲೆಯಲ್ಲಿ ನಿಂತುಬಿಟ್ಟ. ತುಟಿಗಳು ಹಾಡಿನೊಡನೆ ಆಡುತ್ತಿದ್ದವು.

ಅಂಪೈರ್ ಓಡಿಬಂದ. "ಆಂಬ್ರೋಸ್, ಎಂಥ ಕೆಲಸ ಮಾಡಿಬಿಟ್ರಿ!"

"ಹಾಡು ಬಂತಲ್ಲಪ್ಪ..."

"ಕೇಳಿಸ್ತು. ನನಗೂ ಕಿವಿ ಇದೆ. ಆದ್ರೆ ಇದು ಎರಡನೇ ಸಲ."

ಒಂದೇ ಇನ್ನಿಂಗ್ಸಿನಲ್ಲಿ ಮ್ಯಾನೇಜರ್ ಅದೇ ಪಿಚರ್‌ನ ಬಳಿಗೆ ಎರಡನೆಯ ಸಲ ಬಂದರೆ ಆ ಪಿಚರ್ ಹೊರಗೆ ಹೋಗಲೇಬೇಕು. ಅದು ನಿಯಮ, ಮರೆವಿಗೆ ಅದರಲ್ಲಿ ರಿಯಾಯಿತಿಯಿಲ್ಲ. ಲಾನಿ ಚೆಂಡನ್ನು ಟಲಿಯ ಅಂಗೈಯಲ್ಲಿಟ್ಟು ತಲೆ ತಗ್ಗಿಸಿಕೊಂಡು ನಡೆದ. ಆಗ ನಗೆ ನಿಂತಿತು. ವರ್ನಾಳ ಬೆರಳುಗಳೂ ಚರಣದ ನಡುವೆಯೇ ನಿಂತವು. ಬದಲಿಗೆ ಬಂದವನ ಮೊದಲ ಎಸೆತವೇ ಬೇಲಿಯಾಚೆಗೆ ಹಾರಿತು. ಎರಡು ರನ್ ಬಂದು ಊರು ಗೆದ್ದಿತು. ಎದ್ದು ನಿಂತ ಜನ ಟೋಪಿ ತೆಗೆಯಬೇಕೋ ಬೇಡವೋ ತಿಳಿಯದೆ ಅತ್ತಿತ್ತ ನೋಡಿ, ಗೇಟಿನ ಕಡೆಗೆ ಸರಿದರು. ಗೆಲುವಿನ ಹಾಡು ಬೇಕೆಂದು ಯಾರೂ ಕೇಳಲಿಲ್ಲ, ಯಾರೂ ಬಾರಿಸಲೂ ಇಲ್ಲ.

ಮೈದಾನ ಬರಿದಾದ ಮೇಲೆ ಮಾಳಿಗೆಯ ಮೆಟ್ಟಿಲಲ್ಲಿ ಭಾರವಾದ ಹೆಜ್ಜೆ ಕೇಳಿತು. ಟಲಿ ಏದುಸಿರು ಬಿಡುತ್ತ ಬಾಗಿಲು ಹಿಡಿದುಕೊಂಡ.

"ಈ ಮೆಟ್ಲನ್ನ ಇನ್ನೂ ರಿಪೇರಿ ಮಾಡ್ಸಿಲ್ಲ ನೋಡು ಇವರು. ಹೇಗಿದೀಯ ವರ್ನಾ? ಮಂಡಿ ನೋವು ಹೇಗಿದೆ?"

"ಹಾಗೇ ಇದೆ, ಸ್ಕಿಪ್." ಅವಳು ಕತ್ತೆತ್ತಲಿಲ್ಲ. "ಲಾನಿ..."

"ಬಸ್ಸಲ್ಲಿ ಕೂತಿದಾನೆ. ಯಾರ ಹತ್ರನೂ ಮಾತಾಡ್ತಿಲ್ಲ." ಟಲಿ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ. ಮಾಲೀಕ ಹೇಳಿ ಬಾರಿಸಿದ್ದಾ?"

ಕ್ಲಿಫ್ ಅವಳನ್ನೇ ನೋಡಿದ.

"ಹೂಂ," ಎಂದಳು ವರ್ನಾ.

ಟಲಿಯ ಮುಖದ ಬಿಗುಪೆಲ್ಲ ಸಡಿಲಿತು. ಅವನು ಬಂದು ಅವಳ ಬೆನ್ನು ತಟ್ಟಿದ. "ನಂಗೊತ್ತಿತ್ತು. ಬಸ್ಸಲ್ಲಿ ಎಲ್ಲಾ ನಿನ್ನ ಬೈತಾ ಇದ್ರು. 'ಲೇ, ಅವಳು ನನ್ನ ತಂಗಿ ಇದ್ದ ಹಾಗೆ, ತಾನಾಗಿ ಹಾಗೆ ಮಾಡೋಳಲ್ಲ' ಅಂದೆ. ಹೊಟ್ಟೆಪಾಡಮ್ಮ, ಏನ್ ಮಾಡ್ತೀಯ. ಮನಸ್ಸಿಗೆ ಹಚ್ಕೋಬೇಡ."

ಹೆಜ್ಜೆಗಳು ಒಂದೊಂದಾಗಿ ಮೆಟ್ಟಿಲಿಳಿದು ಹೋದವು. ವರ್ನಾ ಎದ್ದು ಬಾಗಿಲವರೆಗೆ ಹೋದಳು, ಬಾಯಿ ತೆರೆದಳು, ಹಿಂದಿರುಗಿ ಬಂದು ಕುಳಿತಳು. ಕ್ಲಿಫ್ ಆಗಲೇ ಆರಿಸಿದ್ದ ಮೈಕಿನ ಗುಂಡಿಯನ್ನು, ನಿಜವಾಗಿ ಆರಿದೆಯೇ ಎಂದು ಇನ್ನೊಮ್ಮೆ ಒತ್ತಿ ನೋಡಿದ.