ರೊಕ್ಕೊ ಮೇಸ್ತ್ರಿಯ ಕುರ್ಚಿ

ಟಿವಿಯಲ್ಲಿ ವಕೀಲ ಪೆಟ್ರಾಕ್ಕಾ ಒಂದು ಫೋಟೊ ಎತ್ತಿ ಹಿಡಿದ. "ನೋಡಿ, ಕುರುಬ ಮಿಮ್ಮೊನ ಅಂಗಿ. ಆಲಿವ್ ಗಾಣದ ಯಜಮಾನರ ಕೊಲೆಯಾದ ದಿನ ತೊಟ್ಟಿದ್ದು. ಈ ರಕ್ತ ಸಾಲದೇ?"

ಕ್ಷೌರದಂಗಡಿಯಲ್ಲಿದ್ದವರೆಲ್ಲ ಟಿವಿ ಬಿಟ್ಟು ಕ್ಷೌರಿಕ ರೊಕ್ಕೊ ಮೇಸ್ತ್ರಿಯ ಮುಖ ನೋಡಿದರು. ಮಿಮ್ಮೊನ ಪರ ವಕೀಲೆ ರೊಕ್ಕೊನ ಮಗಳು ಆಸುಂತಾ. ವಿಚಾರಣೆಗೆ ಇನ್ನೂ ಮೂರು ವಾರವಿತ್ತು. ಬೆಳಗಾದರೆ ಸತ್ತವರ ಮನೆಯವರ ವಕೀಲ ಪೆಟ್ರಾಕ್ಕಾ ಟಿವಿಯಲ್ಲಿ ಕೂರುತ್ತಿದ್ದ. ಆಸುಂತಾ ಮೈಕು ಕಂಡರೆ "ನಮಸ್ಕಾರ" ಎಂದಷ್ಟೇ ಹೇಳಿ ನಡೆದುಬಿಡುತ್ತಿದ್ದಳು.

"ಅಷ್ಟು ಓದಿಸಿದ್ಯಲ್ಲ ಮೇಸ್ತ್ರಿ, ಆ ಕಾಲೇಜಲ್ಲಿ ಮಾತಾಡೋದು ಕಲಿಸಲೇ ಇಲ್ವಾ?" ಎಂದ ನಿವೃತ್ತ ಅಂಚೆಯವ ಒನೋಫ್ರಿಯೊ. "ಜಡ್ಜ್ ಪಕ್ಕ ಕೂರೋಕೆ ಊರಿನ ಆರು ಜನರ ಚೀಟಿ ಎತ್ತುತಾರಲ್ಲ, ಆ ಪಟ್ಟೀಲಿ ನನ್ನ ಹೆಸರೂ ಇದೆ. ನನ್ನ ಚೀಟಿ ಬಂತೋ, ಮಿಮ್ಮೊ ಸಾಯೋತನಕ ಒಳಗೇ!"

ರೊಕ್ಕೊನ ನಾಲಗೆ ತುರಿಸಿತು. ನಿನ್ನೆ ಮಗಳು ಫೋನಿನಲ್ಲಿ ಆಡಿದ್ದು ಅವನ ಕಿವಿಗೆ ಬಿದ್ದಿತ್ತು. ಅವಳು ಮಾಡಿಸಿದ್ದ ಪರೀಕ್ಷೆಯ ವರದಿ ಬಂದಿತ್ತು, ಅಂಗಿಯ ಮೇಲಿದ್ದದ್ದು ಕುರಿಯ ರಕ್ತ. ಆ ದಿನ ಈಯಲಾರದೆ ಒದ್ದಾಡುತ್ತಿದ್ದ ಕುರಿಗೆ ಮಿಮ್ಮೊ ಕೈಹಾಕಿ ಮರಿ ತೆಗೆದಿದ್ದ.

"ಹೇಳಿಬಿಡೇ ಮಗಳೇ, ಊರಿನ ಬಾಯಿ ಮುಚ್ಚಲಿ" ಎಂದು ರೊಕ್ಕೊ ಅಂಗಲಾಚಿದ್ದ.

"ತೀರ್ಪು ಕೊಡೋರು ಅದನ್ನ ಕೋರ್ಟಲ್ಲೇ ಮೊದಲು ಕೇಳಬೇಕು, ಅಪ್ಪಾ. ಇವತ್ತು ಬಾಯಿಬಿಟ್ರೆ ನಾಳೆ ಪೆಟ್ರಾಕ್ಕಾ ಬೇರೆ ಕತೆ ಹೊಸೀತಾನೆ. ಹೋಗೋದು ಮಿಮ್ಮೊನ ಬಾಳು."

ಅಷ್ಟರಲ್ಲಿ ಟಿವಿ ವರದಿಗಾರನೊಬ್ಬ ಬಾಗಿಲು ತಳ್ಳಿ ಬಂದು ಕುರ್ಚಿಯಲ್ಲಿ ಕುಳಿತ. "ಗಡ್ಡ ತೆಗೀರಿ ಮೇಸ್ತ್ರಿ" ಎನ್ನುತ್ತ ಮೈಕನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡ. "ಮಗಳು ಮಾತಾಡ್ತಿಲ್ಲ ಅಂದ್ರೆ ಹೇಳೋಕೆ ಅವರ ಹತ್ರ ಏನೂ ಇಲ್ಲ ಅಂತಾನೇ, ಅಲ್ವಾ?"

ಕುರಿಯ ಮಾತು ರೊಕ್ಕೊನ ತುಟಿಯವರೆಗೆ ಬಂತು. ಒನೋಫ್ರಿಯೊ ಬೆಂಚಿನ ತುದಿಗೆ ಜರುಗಿದ. ರೊಕ್ಕೊ ಬ್ರಷ್ಷನ್ನು ಬಟ್ಟಲಿಗೆ ಅದ್ದಿ, ನೊರೆ ಎಬ್ಬಿಸತೊಡಗಿದ.

"ನಲವತ್ತೊಂದು ವರ್ಷದಿಂದ ಈ ಕುರ್ಚೀಲಿ ಊರೇ ಕೂತು ಎದ್ದಿದೆ ಸ್ವಾಮಿ. ಯಾರು ಯಾರ ಹಿತ್ತಲ ಗೋಡೆ ಹಾರಿದ್ರು, ಯಾರು ಹೆಂಡತಿ ಕೈಲಿ ಏಟು ತಿಂದ್ರು, ಎಲ್ಲ ಕೇಳಿದ್ದೀನಿ. ಏ ಒನೋಫ್ರಿಯೊ, ನೀನು ಹೇಳಿದ್ದೂ ಉಂಟಲ್ಲ? ಒಂದಾದ್ರೂ ಈ ಹೊಸ್ತಿಲು ದಾಟಿದೆಯೇನೋ?"

ಒನೋಫ್ರಿಯೊನ ಕಿವಿ ಕೆಂಪಾಯಿತು. "ಇಲ್ಲ ಮೇಸ್ತ್ರಿ."

"ಮತ್ತೆ, ಆಸುಂತಾ ಯಾರ ಮಗಳು ಅಂದ್ಕೊಂಡ್ರಿ?"

ರೊಕ್ಕೊನ ಬಾಗಿದ ಬೆನ್ನು ನೆಟ್ಟಗಾಯಿತು. ವರದಿಗಾರನ ಕೆನ್ನೆಗೆ, ಗದ್ದಕ್ಕೆ, ಕೊನೆಗೆ ತುಟಿಗಳ ಮೇಲೂ ರೊಕ್ಕೊ ದಪ್ಪಗೆ ನೊರೆ ಬಳಿದ. "ಇನ್ನು ಮಾತಾಡಬೇಡಿ. ಕತ್ತಿ ತಗೋತಿದ್ದೀನಿ."

ಟಿವಿಯಲ್ಲಿ ಪೆಟ್ರಾಕ್ಕಾ ಮತ್ತೇನೋ ಹೇಳಲು ಬಾಯಿ ತೆರೆದಿದ್ದ. ಒನೋಫ್ರಿಯೊ ಎದ್ದು ಹೋಗಿ, ಯಾರೂ ಕೇಳದಿದ್ದರೂ, ಅದನ್ನು ಆರಿಸಿದ.