ಎರಡು ದನಿಯ ಹಾಜರಿ

"ಅಮರೇಶ್ವರಿ."

"ಹಾಜರ್ ರೀ!" ದನಿ ಎರಡು ಕಡೆಯಿಂದ ಒಟ್ಟಿಗೇ ಎದ್ದಿತು. ಒಂದು ಮುಂದಿನ ಸಾಲಿನಲ್ಲಿ ಕೂತಿದ್ದ ಅಮರೇಶ್ವರಿಯದು. ಇನ್ನೊಂದು, ಥೇಟ್ ಅವಳದೇ ಕೀರಲು ದನಿ, ಹಿಂದಿನ ಬೆಂಚಿನ ಕನಕರಾಯನದು. ರೂಢಿಯಲ್ಲಿ ಬಾಯಿ ಜಾರಿದ್ದಕ್ಕೆ ಅವನು ಅಂಗೈಯಿಂದ ತುಟಿ ಮುಚ್ಚಿಕೊಂಡ.

"ಲೇ, ಇಬ್ಬರು ಅಮರೇಶ್ವರಿ ಬಂದಾರಲೇ!" ಎಂದು ಯಾರೋ ಕೂಗಿದರು. ಹತ್ತನೇ ತರಗತಿ ಬಿದ್ದು ಬಿದ್ದು ನಕ್ಕಿತು. ಅಮರೇಶ್ವರಿಗೆ ನಗು ಬರಲಿಲ್ಲ. ಅವ್ವ ಕಾಲು ಮುರಿದುಕೊಂಡು ಲಿಂಗಸುಗೂರಿನ ದವಾಖಾನೆಯಲ್ಲಿ ಮಲಗಿದ್ದ ಎರಡು ತಿಂಗಳು ಅವಳು ಶಾಲೆಗೆ ಬಂದಿರಲಿಲ್ಲ. ಬೀಳ್ಕೊಡುಗೆಗೆಂದು ಇವತ್ತೇ ಬಂದಿದ್ದಳು. ಹಾಜರಿ ಸಾಲದಿದ್ದರೂ ಹಾಲ್ ಟಿಕೆಟ್ ಹೇಗೆ ಬಂತೆಂದು ಈಗ ತಿಳಿಯಿತು. ತನ್ನ ದನಿ ಅಣಕಿಸುತ್ತಾನೆಂದು ದಸರೆಯಿಂದ ಈ ಹುಡುಗನ ಜೊತೆ ಅವಳು ಮಾತು ಬಿಟ್ಟಿದ್ದಳು.

ಕೊನೆಯ ಸಲ ಹಾಜರಿ ಕರೆಯುತ್ತಿದ್ದ ಸಂಘಮಿತ್ರಾ ಟೀಚರ್ ಕೂಡ ನಗಲಿಲ್ಲ. "ಗೊತ್ತಿದ್ದೂ ಎರಡು ತಿಂಗಳು ನಾ ತಲಿ ಎತ್ತದಂಗ ಹಾಜರಿ ಹಾಕೀನಿ. ತಪ್ಪಿನಾಗ ನಂದೂ ಪಾಲೈತಿ," ಎಂದು ಮೆಲ್ಲಗೆ ಹೇಳಿ ಮುಂದಿನ ಹೆಸರು ಕರೆದರು. "ಕನಕರಾಯ."

ವರ್ಷವಿಡೀ ಎಲ್ಲರನ್ನೂ ನಗಿಸಿದವನು ತಲೆ ತಗ್ಗಿಸಿ ಬೆಂಚು ಕೆರೆಯುತ್ತಾ ಕೂತಿದ್ದ.

"ಕನಕರಾಯ ಬಂದಿಲ್ಲೇನು?"

ಅಮರೇಶ್ವರಿ ಎದ್ದು ನಿಂತಳು. ಅವನ ಒಡಕು ದನಿಯನ್ನು ಹೇಗೋ ಗಂಟಲಿಗೆ ತಂದುಕೊಂಡು ಅಂದಳು, "ಹಾಜರ್ ರೀ."

ಟೀಚರ್ ತಲೆ ಎತ್ತದೆಯೇ ಹಾಜರಿ ಹಾಕಿದರು.