ಎರಡನೆಯ ಮಂಚ

"ಹಳೇ ಮಂಚನ ಈ ಗೋಡೆಗೆ ಸರಿಸಿ, ಹೊಸದನ್ನ ಕಿಟಕಿ ಪಕ್ಕ ಹಾಕಿ. ಮಧ್ಯೆ ಒಂದಾಳು ಓಡಾಡೋಕೆ ಜಾಗ ಉಳಿಯುತ್ತೆ," ಎನ್ನುತ್ತ ಮರಗೆಲಸದ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು, ಮಂಚದ ಕಾಲಿಗೆ ಪಟ್ಟಿ ಸೇರಿಸಿ, ಮರದ ಕೊಡತಿಯಿಂದ ಒಂದು ಏಟು ಹಾಕಿದ. ಪಟ್ಟಿ ತೆಪ್ಪಗೆ ಒಳಗೆ ಹೋಗಿ ಕೂತಿತು. ಒಂದೇ ಒಂದು ಮೊಳೆ ಬೇಡದ ಮಂಚ. ಬಿಡಿಬಿಡಿಯಾಗಿ ಮೆಟ್ಟಿಲು ಹತ್ತಿಸಿ ತಂದು, ಮಗಳ ಬಾಡಿಗೆ ಮನೆಯ ಕೋಣೆಯಲ್ಲೇ ಜೋಡಿಸುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಕೆಲಸ ನೋಡಿ ಬಾಯಿ ತುಂಬ ಹೊಗಳುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ಹೆಂಡತಿ, ಮಗಳು, ಮಗಳ ಗೆಳತಿ ಮಾತ್ರ ಮುಖ ಮುಖ ನೋಡಿಕೊಂಡರು.

ಎಡವಟ್ಟಿಗೆ ಕಾರಣ ಮೇಸ್ತ್ರಿಯ ಬುದ್ಧಿವಂತಿಕೆಯೇ. ಮಗಳು ಶಾಲೆಯಲ್ಲಿ ಟೀಚರು, ಜೊತೆಗಿರುವ ಗೆಳತಿ ಆಸ್ಪತ್ರೆಯಲ್ಲಿ ನರ್ಸು. ಮನೆಯಲ್ಲಿ ಒಂದೇ ಮಂಚ ಇರುವುದನ್ನು ಅವನು ಹಿಂದೊಮ್ಮೆ ಬಂದಾಗಲೇ ನೋಡಿದ್ದ, ಅದಕ್ಕೊಂದು ಕಾರಣವನ್ನೂ ತಾನೇ ಹುಡುಕಿಕೊಂಡಿದ್ದ. ನರ್ಸಿಗೆ ರಾತ್ರಿ ಪಾಳಿ; ಇವಳು ಎದ್ದು ಶಾಲೆಗೆ ಹೋದ ಮೇಲೆ ಅವಳು ಬಂದು ಮಲಗುತ್ತಾಳೆ. ಸಂಸಾರ ಮಾಡುವುದನ್ನು ಇವರಿಂದ ಕಲಿಯಬೇಕು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಬೀಗಿದ್ದ. ಮೊನ್ನೆ ಮಗಳು ಫೋನು ಮಾಡಿ, ಭಾನುವಾರ ಬನ್ನಿ, ಮಾತಾಡೋದಿದೆ ಎಂದವಳು, ನರ್ಸಿಗೆ ಈಗ ಹಗಲು ಪಾಳಿ ಎಂದೂ ಹೇಳಿದ್ದೇ ತಡ, ಹಾಗಾದರೆ ನನ್ನ ಮಗಳು ನೆಲದ ಮೇಲೆ ಬಿದ್ದಿರುತ್ತಾಳಲ್ಲ ಎಂದು ಅವನ ಕರುಳು ಚುರುಕ್ಕೆಂದಿತು. ಅವತ್ತೇ ಮರ ಕೊಯ್ಯಲು ಕೂತ. ಹೆಂಡತಿ ಬೇಡ, ಬೇಡ ಎಂದು ಅಡ್ಡಗಾಲು ಹಾಕಿದಳು. ಇವಳ ಜಿಪುಣತನ ಇದ್ದದ್ದೇ ಎಂದು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಅಪ್ಪಾ, ಸಾಕು ನಿಲ್ಸು," ಎಂದಳು ಮಗಳು. "ನಮಗೆ ಇನ್ನೊಂದು ಮಂಚ ಬೇಡ."

"ನೆಲದ ಥಂಡಿ ಸೊಂಟಕ್ಕೆ ಹಿಡ್ಕೊಂಡ್ರೆ ಆಗ ಗೊತ್ತಾಗುತ್ತೆ."

"ನಾನು ನೆಲದ ಮೇಲೆ ಮಲಗಲ್ಲಪ್ಪ."

"ಅಂದ್ರೆ, ಇವಳನ್ನ ಮಲಗಿಸ್ತೀಯಾ?" ಮೇಸ್ತ್ರಿ ನರ್ಸಿನ ಕಡೆ ಮರುಕದಿಂದ ನೋಡಿದ. "ಛೇ, ಅವಳೂ ಯಾರದೋ ಮನೆ ಹೆಣ್ಣುಮಗು ಅಲ್ವೇನೇ?"

"ಅವಳೂ ಮಲಗಲ್ಲ." ಮಗಳು ನರ್ಸಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಾವಿಬ್ರೂ ಪ್ರೀತಿಸ್ತಿದ್ದೀವಿ ಅಪ್ಪಾ. ಇಷ್ಟು ದಿನ ಗಂಡ ಹೆಂಡ್ತಿ ಥರಾನೇ ಇದ್ವಿ, ಈಗ ಮದುವೆ ಆಗ್ತಿದ್ದೀವಿ. ನೀನು ಬರ್ಬೇಕು ಅಂತ ನಂಗೆ ಆಸೆ. ಅದನ್ನ ಹೇಳೋಕೇ ಕರೆದಿದ್ದು. ನೀನು ನೋಡಿದ್ರೆ ಮಂಚ ಹೊತ್ಕೊಂಡು ಬಂದಿದೀಯ."

ಕೇಳಿದ್ದು ಮೇಸ್ತ್ರಿಯ ಕಿವಿಯಿಂದ ತಲೆಗೆ ಹೋಗಲು ಸ್ವಲ್ಪ ಹೊತ್ತೇ ಹಿಡಿಯಿತು. ಹೆಂಡತಿ ಇನ್ನೇನು ಎದೆ ಎದೆ ಬಡಿದುಕೊಂಡು ಅಳುತ್ತಾಳೆ ಎಂದು ಅವಳ ಕಡೆ ತಿರುಗಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಅವನನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಎಳ್ಳಷ್ಟೂ ಆಶ್ಚರ್ಯವಿರಲಿಲ್ಲ.

"ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತು ರೀ. ಇವಳು ಕಾಲೇಜಲ್ಲಿದ್ದಾಗಿಂದ್ಲೂ ಗೊತ್ತಿತ್ತು."

"ನಾನು ಇವಳಪ್ಪ ಅಲ್ವಾ? ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

ಮಗಳೇ ಬಾಯಿ ಬಿಟ್ಟಳು. "ಫೋಟೋ ಸ್ಟುಡಿಯೋದವರ ಮಗ ಇನ್ನೊಬ್ಬ ಹುಡುಗನ ಜೊತೆ ಮನೆ ಬಿಟ್ಟು ಹೋದ್ನಲ್ಲ, ನೆನಪಿದೆಯಾ? ಅವತ್ತು ಎಲ್ರೂ ಊಟಕ್ಕೆ ಕೂತಿದ್ವಿ. ನನ್ನ ಮನೇಲಿ ಅಂಥದ್ದು ಹುಟ್ಟಿದ್ರೆ ಕೈಗೆ ಸಿಕ್ಕಿದ್ರಲ್ಲಿ ತಲೆ ಒಡೆದು ಹಾಕ್ತಿದ್ದೆ ಅಂದೆ ನೀನು. ಅಂದ್ಬಿಟ್ಟು ಒಂದು ಲೋಟ ನೀರು ಕೇಳ್ದೆ. ತಂದುಕೊಟ್ಟಿದ್ದು ನಾನೇ."

ಮೇಸ್ತ್ರಿ ತಲೆ ಕೆರೆದುಕೊಂಡ. ಸ್ಟುಡಿಯೋದವರ ಮಗ ನೆನಪಿದ್ದ, ಅವನು ಓಡಿಹೋದ ಗಲಾಟೆಯೂ ನೆನಪಿತ್ತು. ತಾನಾಡಿದ ಮಾತು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. ಆಡಿರಬಹುದು; ಬೀದಿಯಲ್ಲಿ ಎಲ್ಲರೂ ಹಾಗೇ ಆಡುತ್ತಿದ್ದರು, ನಾಲ್ಕು ಜನ ನಗಲಿ ಎಂದು ಇವನೂ ಆಡಿರಬೇಕು. ಈ ಮಗುವಿನ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಎತ್ತಿ ಆಡಿಸಿದ ಮಗು, ಅಪ್ಪನಿಗೆ ಹೆದರಿಕೊಂಡು ಬೆಳೆದಿದೆ ಎನ್ನುವುದೇ ಅವನಿಗೆ ತಿಳಿದಿರಲಿಲ್ಲ. ಮದುವೆಯ ಸುದ್ದಿಗಿಂತ ಇದು ಅವನನ್ನು ಹೆಚ್ಚು ಅಲ್ಲಾಡಿಸಿತು.

ಏನಾದರೂ ಹೇಳಲೇಬೇಕಿತ್ತು. ಅದೇನೋ ಬಾಯಿಗೆ ಬಂದದ್ದು, ಮನಸ್ಸಿನಿಂದ ಆಡಿದ್ದಲ್ಲ ಎಂದಾದರೂ ಹೇಳಬೇಕಿತ್ತು. ನೆಲದ ಮೇಲೆ ಕೂತು, ಕತ್ತೆತ್ತಿ ಮೂರು ಮುಖಗಳನ್ನು ನೋಡುತ್ತ ಹೇಳುವ ಮಾತಲ್ಲ ಅದು. ಕಾಲು ಬೇರೆ ಜೋಮು ಹಿಡಿದಿತ್ತು. ಅರ್ಧ ಜೋಡಿಸಿದ ಮಂಚಕ್ಕೆ ಎಡಗೈ ಊರಿ ಎದ್ದು ನಿಂತು, ಮಗಳ ಕಡೆ ಒಂದು ಹೆಜ್ಜೆ ಇಟ್ಟ.

ಮಗಳು ಥಟ್ಟನೆ ನರ್ಸನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಅವರಿಬ್ಬರ ಮುಂದೆ ಹೆಂಡತಿ ಎರಡೂ ಕೈ ಚಾಚಿ ನಿಂತುಬಿಟ್ಟಳು, ಮದುವೆಯಾದಂದಿನಿಂದ ಒಮ್ಮೆಯೂ ಅವನಿಗೆ ಕೈ ಅಡ್ಡ ಹಿಡಿಯದವಳು. ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಬಲಗೈಯನ್ನು. ಮೇಸ್ತ್ರಿಯೂ ನೋಡಿಕೊಂಡ. ಕೊಡತಿ ಇನ್ನೂ ಕೈಯಲ್ಲೇ ಇತ್ತು.

"ಕಾಲು ಜೋಮು ಹಿಡಿದಿತ್ತು, ಅದಕ್ಕೆ ಎದ್ದೆ ಕಣ್ರೇ," ಎಂದ.

ಯಾರೂ ಪಕ್ಕಕ್ಕೆ ಸರಿಯಲಿಲ್ಲ.